ಅಮಾವಾಸ್ಯೆಯ ಮರುದಿನ ಸದ್ದು ಮಾಡದ ಕಾರು

ಕಳೆದ ವರ್ಷ ಮಹಾನವಮಿ ಅಮಾವಾಸ್ಯೆ ಮುಗಿದ ವಾರ, ರೋಣದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಾವುಕಾರರೊಬ್ಬರು ತಮ್ಮ ಕಾರಿನ ಡ್ರೈವರ್‌ನನ್ನು ಕೆಲಸದಿಂದ ಬಿಡಿಸಿದರು. ಕೀಲಿಯನ್ನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಜನರ ಎದುರಿಗೆ ಇಸಿದುಕೊಂಡರು. ಆ ಕಾರಿನ ಎಂಜಿನ್ ಬೆಲ್ಟ್ ಅದೇ ವರ್ಷದಲ್ಲಿ ಮೂರನೆಯ ಸಲ ಹರಿದಿತ್ತು. ಹರಿದ ಮೂರರಲ್ಲಿ ಎರಡನ್ನು ಹಾಕಿದವನು ನಾನು.

ನನ್ನ ಗ್ಯಾರೇಜ್ ಗಜೇಂದ್ರಗಡದ ರಸ್ತೆಗೆ ಇದೆ. ಕಾರು ಹಳೆಯದು, ಡೀಸೆಲ್. ಅದರ ಎಂಜಿನ್ನಿನ ಮುಂಭಾಗದಲ್ಲಿ ಒಂದೇ ಉದ್ದನೆಯ ರಬ್ಬರ್ ಬೆಲ್ಟ್ ಹಾವಿನ ಹಾಗೆ ಸುತ್ತಿಕೊಂಡು ಡೈನಮೊ, ನೀರಿನ ಪಂಪು, ಸ್ಟೇರಿಂಗ್ ಪಂಪು, ಎ.ಸಿ. ಎಲ್ಲವನ್ನೂ ತಿರುಗಿಸುತ್ತದೆ. ಬೆಲ್ಟಿನ ಒಳಮೈಗೆ ಉದ್ದಕ್ಕೂ ಸಣ್ಣ ಏಣುಗಳಿರುತ್ತವೆ. ಅವು ಪುಲ್ಲಿಗಳ ಗೀರಿನಲ್ಲಿ ಕೂತು ಓಡುತ್ತವೆ. ಬೆಲ್ಟ್ ಹರಿದರೆ ಬ್ಯಾಟರಿ ದೀಪ ಹತ್ತುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ, ಸ್ವಲ್ಪ ದೂರ ಹೋಗುವುದರೊಳಗೆ ನೀರು ಕುದಿಯುತ್ತದೆ. ಚೆನ್ನಾಗಿರುವ ಬೆಲ್ಟ್ ವರ್ಷಗಟ್ಟಲೆ ಬಾಳಬೇಕು.

ಮೊದಲ ಸಲ ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆ ಆದ ಮೇಲೆ. ಡ್ರೈವರ್ ಜಕ್ಕಲಿಯವನು. ಸಾವುಕಾರರ ಮನೆಯಲ್ಲಿ ಬಹಳ ವರ್ಷದಿಂದ ಇದ್ದವನು. ಕಾರಿನ ಕೀಲಿ ಅವನ ಸೊಂಟದ ಉಡದಾರಕ್ಕೇ ಇರುತ್ತಿತ್ತು. ರಾತ್ರಿ ಊರಿಗೆ ಹೋಗುವಾಗಲೂ ಕೀಲಿ ಅವನ ಸಂಗಡವೇ ಹೋಗುತ್ತಿತ್ತು. ಮನೆಯಲ್ಲಿ ಇನ್ನೊಂದು ಕೀಲಿ ದೇವರ ಜಗುಲಿಯ ಮೇಲೆ ಇತ್ತು, ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಅವನೇ ಹೇಳಿದ್ದ.

"ಮುಂಜಾನೆ ಚಾಲೂ ಮಾಡಿದ್ರ ಸಾಕ್ರಿ ಮಿಸ್ತ್ರಿ, ಕುಂಯ್ ಅಂತ ಒದರತೈತಿ. ಓಣ್ಯಾಗಿನ ನಾಯಿಗೋಳು ಎದ್ದು ನಿಂತು ನನ್ನ ಮಾರಿ ನೋಡ್ತಾವ. ನಿನ್ನಿ ಹರದ ಹೋತು," ಅಂದ.

ಹರಿದ ಬೆಲ್ಟಿನ ಒಂದು ಅಂಚು ನೂಲು ನೂಲಾಗಿತ್ತು. ಅಂಚು ಮಾತ್ರ ಸವೆದಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದು ಅರ್ಥ. ಉಕ್ಕಿನ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಆನಿಸಿ ಹಿಡಿದೆ. ಡೈನಮೊ ಪುಲ್ಲಿ ಒಳಗೆ ಸರಿದಿತ್ತು. ಹಿಂದೆ ಯಾರೋ ಡೈನಮೊ ಬಿಚ್ಚಿದವರು ಬೋಲ್ಟಿನ ಹಿಂದಿನ ವಾಶರ್ ಮರಳಿ ಹಾಕಿರಲಿಲ್ಲ. ವಾಶರ್ ಹಾಕಿದೆ, ಪಟ್ಟಿ ಎಲ್ಲ ಪುಲ್ಲಿಗೂ ಸಮನಾಗಿ ಕೂತಿತು. ಹೊಸ ಬೆಲ್ಟ್ ಏರಿಸಿ, ಎಂಜಿನ್ ಓಡುತ್ತಿರುವಾಗ ಏಣುಗಳ ಮೇಲೆ ನೀರು ಚಿಮುಕಿಸಿದೆ. ಸಾಲು ತಪ್ಪಿದ್ದರೆ ನೀರು ಬಿದ್ದಾಗ ಕೂಗು ನಿಲ್ಲುತ್ತದೆ. ಬಿಗಿ ಕಡಿಮೆಯಿದ್ದರೆ ಕೂಗು ಜೋರಾಗುತ್ತದೆ. ನೀರಿಗೂ ಮೊದಲು ಕೂಗಿರಲಿಲ್ಲ, ಆಮೇಲೂ ಇಲ್ಲ.

ಒಂದು ವಿಷಯ ಮಾತ್ರ ಹೊಂದಲಿಲ್ಲ. ಅಂಚು ಸವೆದದ್ದಕ್ಕೆ ಕಾರಣ ಸಿಕ್ಕಿತ್ತು. ಆದರೆ ಏಣುಗಳೆಲ್ಲವೂ ಹೊಳಪಾಗಿದ್ದವು, ಪುಲ್ಲಿಯ ಗೀರಿನಲ್ಲಿ ಕಪ್ಪು ಹಂಟು ಹೆಕ್ಕಳೆಯಂತೆ ಗಟ್ಟಿಯಾಗಿ ಕೂತಿತ್ತು. ಬೆಲ್ಟಿನ ಪುಡಿ, ಎರೆಮಣ್ಣಿನ ಧೂಳು ಸೇರಿ ಹೀಗಾಗಿರಬೇಕೆಂದು ಚಿಮಣಿ ಎಣ್ಣೆ ಹಚ್ಚಿ ಕೆರೆದು ತೆಗೆದೆ. ಒರೆಸಿದ ಚಿಂದಿ ಬೆರಳಿಗೆ ಅಂಟುತ್ತಿತ್ತು, ಅದರಲ್ಲಿ ಚಿಮಣಿ ಎಣ್ಣೆಯ ಕೆಳಗೆ ಗುರುತು ಸಿಗದ ಇನ್ನೊಂದು ವಾಸನೆ ಇತ್ತು.

ಸಂಜೆ ಸಾವುಕಾರರು ಬಂದರು. ಬೆಲ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಏನಂತಿ ಮಿಸ್ತ್ರಿ, ಇದಕ್ಕ ಇಷ್ಟ ಲಗೂನ ಏನ ಬಂತು?"

"ಭಾಳ ವರ್ಷ ಓಡಿದ ಬೆಲ್ಟ್ ಹಿಂಗಾಕ್ಕಾವ್ರಿ. ಇದು ಅಷ್ಟ ಓಡಿಲ್ಲಂತ ಡ್ರೈವರ್ ಹೇಳ್ತಾನ. ಪುಲ್ಲಿ ಸಾಲ ತಪ್ಪಿತ್ತು, ಸರಿ ಮಾಡೇನ್ರಿ."

"ಅಂದ್ರ ಓಡಿದ್ರ ಹಿಂಗ ಆಕ್ಕೈತಿ."

"ಓಡಿದ್ರೂ ಆಕ್ಕೈತ್ರಿ. ಬ್ಯಾರೆ ಕಾರಣಾನೂ ಇರ್ತಾವ."

ಎರಡನೆಯ ವಾಕ್ಯ ಹೇಳುವಾಗ ಅವರು ಬಾಗಿಲ ಕಡೆ ನಡೆದಿದ್ದರು. ಆ ಕಾರಿನ ಕಿಲೋಮೀಟರ್ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ಎಷ್ಟು ಓಡಿದೆ ಎಂದು ಹೇಳಬಲ್ಲವನು ಡ್ರೈವರ್ ಒಬ್ಬನೇ ಆಗಿದ್ದ.

ಶ್ರಾವಣ ಮುಗಿಯುವಷ್ಟರಲ್ಲಿ ಎರಡನೆಯದು ಹೋಯಿತು. ಇದು ನಾನು ಹಾಕಿದ ಬೆಲ್ಟ್. ಈ ಸಲ ಅಂಚು ಚೆನ್ನಾಗಿತ್ತು. ಏಣುಗಳು ಮಾತ್ರ ತುಂಡು ತುಂಡಾಗಿ ಕಿತ್ತು ಬಂದಿದ್ದವು, ಯಾರೋ ಹಲ್ಲಿನಿಂದ ಕಚ್ಚಿದ ಹಾಗೆ. ಗೀರುಗಳಲ್ಲಿ ಅದೇ ಕಪ್ಪು ಹಂಟು.

ಬಿಗಿ ಹಿಡಿಯುವ ಟೆನ್ಶನರ್ ಬಿಚ್ಚಿ ಅದರ ಸ್ಪ್ರಿಂಗ್ ನೋಡಿದೆ, ಗಟ್ಟಿಯಿತ್ತು. ಪಕ್ಕದ ಸಣ್ಣ ಪುಲ್ಲಿಯ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಉಸುಕು ಸಿಕ್ಕಂತೆ ಗರಗರ ಅಂದಿತು. ಗಜೇಂದ್ರಗಡದಿಂದ ಹೊಸದು ತರಿಸಿ ಹಾಕಿದೆ. ಕ್ರ್ಯಾಂಕ್ ಪುಲ್ಲಿಯ ಒಳಗೆ ರಬ್ಬರಿನ ಒಂದು ಪದರ ಇರುತ್ತದೆ. ಅದು ಬಿಟ್ಟುಕೊಂಡರೆ ಪುಲ್ಲಿಯ ಹೊರಬಳೆ ಒಳಗಿನದಕ್ಕಿಂತ ಹಿಂದೆ ಬಿದ್ದು ಬೆಲ್ಟನ್ನು ತಿನ್ನುತ್ತದೆ. ಎರಡಕ್ಕೂ ಸೇರಿ ಬಿಳಿ ಬಣ್ಣದ ಒಂದು ಗೆರೆ ಎಳೆದು ಎಂಜಿನ್ ಓಡಿಸಿದೆ. ಗೆರೆ ಮುರಿಯಲಿಲ್ಲ. ಆದರೂ ಸಮಾಧಾನವಾಗದೆ ಪುಲ್ಲಿಯನ್ನು ನರಗುಂದಕ್ಕೆ ಒಯ್ದು ಲೇತಿಗೆ ಕಟ್ಟಿಸಿದೆ. ಲೇತಿನವರು ಅದನ್ನು ತಿರುಗಿಸಿ, ಮುಳ್ಳು ಆನಿಸಿ, ಎಲ್ಲೂ ಓರೆಯಿಲ್ಲವೆಂದು ನೋಡಿ, "ಇದು ಸೆಟದ ನಿಂತೈತ್ರಿ, ನೀವ ಸುಮ್ನ ಬಸ್ಸಿನಾಗ ಅಡ್ಡ್ಯಾಡಿಸೀರಿ ಇದನ್ನ," ಅಂದರು. ಎಂಜಿನ್ ಎಣ್ಣೆ ಬೆಲ್ಟಿನ ಮೇಲೆ ಸೋರುತ್ತಿದೆಯೇ ಎಂದು ಸೀಲುಗಳ ಸುತ್ತ ಸುಣ್ಣದ ಪುಡಿ ಉದುರಿಸಿ ನೋಡಿದೆ. ಪುಡಿ ಒಣಗಿಯೇ ಇತ್ತು.

ಡ್ರೈವರ್ ಇದನ್ನೆಲ್ಲ ಪಕ್ಕದಲ್ಲಿ ಕೂತು ನೋಡಿದ. ಬಾನೆಟ್ಟಿಗೆ ಬೇರೆ ಯಾರಾದರೂ ಕೈ ಹಾಕುತ್ತಾರೆಯೇ ಎಂದು ಕೇಳಿದೆ.

"ಯಾರ ಹಾಕ್ತಾರ್ರಿ? ನಾನ ನೀರು, ಎಣ್ಣಿ ನೋಡಾಕ ತಗೀತೀನಿ."

ಅದೇ ಪ್ರಶ್ನೆಯನ್ನು ಗಿರಣಿಗೆ ಹೋಗಿ ಸಾವುಕಾರರಿಗೂ ಕೇಳಿದೆ. ಅವರು ತಕ್ಕಡಿಯ ಹತ್ತಿರ ಕೂತಿದ್ದರು.

"ನಮ್ಮ ಮನ್ಯಾಗ ಯಾರ ಮುಟ್ಟತಾರಪಾ ಬಾನೆಟ್? ಮುಟ್ಟಿದ್ರ ಅಂವನ ಮುಟ್ಟಬೇಕು."

ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಮಗೆ ತಿಳಿದಂತೆ ಖರೆಯನ್ನೇ ಹೇಳಿದ್ದರು.

ಹೊಸ ಬೆಲ್ಟ್ ಹಾಕಿ ಕಾರು ಕೊಡುವಾಗ ಡ್ರೈವರ್ ನಗುತ್ತಾ ಒಂದು ಮಾತು ಹೇಳಿದ. "ಒಂದ ಮಜಾ ನೋಡ್ರಿ ಮಿಸ್ತ್ರಿ. ಅಮಾಸಿ ದಿನಾ ನನಗ ರಜಾ, ಗಾಡಿಗೂ ರಜಾ. ಮರುದಿನಾ ಬಂದು ಚಾಲೂ ಮಾಡಿದ್ರ ಸಪ್ಪಳನ ಇರೂದಿಲ್ಲ. ನಾಕ ದಿನಾ ಬಿಟ್ಟ ಮತ್ತ ಸುರು. ಅದಕ್ಕೂ ನಮ್ಮಂಗ ಆರಾಮ ಬೇಕಂತ ಕಾಣಸ್ತೈತಿ." ನಾನೂ ನಕ್ಕೆ. ಈ ಕಡೆ ಅಮಾವಾಸ್ಯೆಯ ದಿನ ದೂರದ ಪ್ರಯಾಣ ಮಾಡುವುದಿಲ್ಲ, ಗಿರಣಿಗಳೂ ನಿಲ್ಲುತ್ತವೆ. ಅದರಲ್ಲಿ ಹೊಸದೇನೂ ಇರಲಿಲ್ಲ.

ಮೂರನೆಯದು ಹರಿದದ್ದು ಅಬ್ಬಿಗೇರಿಯ ಹತ್ತಿರ, ಮಧ್ಯಾಹ್ನದ ಬಿಸಿಲಿನಲ್ಲಿ, ಸಾವುಕಾರರು ಒಳಗೆ ಕೂತಿದ್ದಾಗ. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಹರಾಜಿಗೆ ಬರುತ್ತಿದ್ದ ಟ್ರ್ಯಾಕ್ಟರೊಂದು ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿತು. ಜಾಮ್ ಆದ ಸ್ಟೇರಿಂಗ್ ಹಿಡಿದು ಡ್ರೈವರ್ ಕಾರಿನಲ್ಲಿದ್ದ. ಸಾವುಕಾರರು ಟ್ರ್ಯಾಲಿಯಲ್ಲಿ ಚೀಲಗಳ ಮೇಲೆ ಕೂತು ಊರ ತನಕ ಬಂದರು. ಪೇಟೆಯಲ್ಲಿ ಪರಿಚಯದ ವ್ಯಾಪಾರಿಯೊಬ್ಬರು, "ಏನ್ರಿ ಸಾವುಕಾರ್ರ, ಉಳ್ಳಾಗಡ್ಡಿ ಸಂಗಾಟ ನೀವೂ ಲಿಲಾವಿಗೆ ಹೊಂಟೀರೇನು?" ಎಂದು ಕೇಳಿದರಂತೆ. ಕೀಲಿ ಇಸಿದುಕೊಂಡದ್ದು ಅದಾದ ಕೂಡಲೇ.

ನಾನು ಆಗ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಇದ್ದವರು ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಆಗಿರುವುದರಿಂದ ಬರೆಯುತ್ತಿದ್ದೇನೆ. ಸಾವುಕಾರರು ಕೂಗಾಡಲಿಲ್ಲ. "ರಾತ್ರಿ ಗಾಡಿ ಒಯ್ದು ಯಾರ್ಯಾರ ಮದವಿ ಬಾಡಿಗಿ ಹೊಡದಿ ಹೇಳಾಕ ಬ್ಯಾಡ. ಕೀಲಿ ಇಡು. ಬೆಲ್ಟ್ ಸವೀಬೇಕಂದ್ರ ಗಾಡಿ ಓಡಿರಬೇಕು ಅಂತ ಮಿಸ್ತ್ರಿನ ಹೇಳ್ಯಾನ," ಅಂದರು. ಡ್ರೈವರ್ ಉಡದಾರದಿಂದ ಕೀಲಿ ಬಿಚ್ಚಲು ಹೊತ್ತು ತೆಗೆದುಕೊಂಡ, ಗಂಟು ಬಿಗಿಯಾಗಿತ್ತು. ಒಬ್ಬರು ಬ್ಲೇಡ್ ಕೊಟ್ಟರು.

ಕಾರು ನನ್ನ ಗ್ಯಾರೇಜಿಗೆ ಬಂತು. ಹಿಂದೆಯೇ ಸಾವುಕಾರರು ಬಂದರು.

"ಬೆಲ್ಟ್ ಹಾಕಿ ಕೊಡು."

"ಹಾಕೂದಿಲ್ರಿ."

"ಯಾಕ?"

"ಕಾರಣ ಸಿಗದ ಹಾಕಿದ್ರ ಇದೂ ಹೋಕ್ಕೈತ್ರಿ. ದೀಪಾವಳಿ ಅಮಾಸಿತನಕ ಗಾಡಿ ನನ್ನ ಹತ್ರ ಬಿಡ್ರಿ. ನಾನ ಓಡಿಸಿ ನೋಡ್ತೇನಿ. ಮತ್ತ ಒಂದ ಮಾತ್ರಿ. ಅಂವ ಬಾಡಿಗಿ ಹೊಡದಾನಂತ ನಾ ಹೇಳಿಲ್ಲ."

"ಹೇಳೂದೇನ ಉಳದೈತಿ," ಅಂದರು. ಬಾಗಿಲಿನಲ್ಲಿ ತಿರುಗಿ, "ಅಮಾಸಿ ದಿನಾ ಮುಂಜಾನೆ ಗಾಡಿ ಮನಿ ಮುಂದ ಇರಬೇಕು. ಪೂಜಿ ತಪ್ಪಬಾರ್ದು," ಎಂದು ಹೋದರು.

ನನ್ನ ಯೋಚನೆ ಸರಳವಾಗಿತ್ತು. ದೋಷ ಕಾರಿನಲ್ಲಿದ್ದರೆ ಬೆಲ್ಟ್ ನನ್ನ ಕೈಯಲ್ಲೂ ಸವೆಯಬೇಕು. ಎಲ್ಲ ಪುಲ್ಲಿಗಳನ್ನೂ ಬಿಚ್ಚಿ, ಗೀರುಗಳನ್ನು ತಂತಿ ಬ್ರಶ್ಶಿನಿಂದ ತಿಕ್ಕಿ, ಬರಿಯ ಲೋಹ ಕಾಣುವ ತನಕ ತೊಳೆದೆ. ಹೊಸ ಬೆಲ್ಟ್ ಹಾಕಿದೆ. ಬಿಡಿಭಾಗ ತರಲು ಗಜೇಂದ್ರಗಡ, ಲೇತಿನ ಕೆಲಸಕ್ಕೆ ನರಗುಂದ, ಎಲ್ಲ ಕಡೆಗೂ ಅದೇ ಕಾರಿನಲ್ಲಿ ಹೋದೆ. ಎ.ಸಿ. ಹಾಕಿ ಗುಡ್ಡದ ಏರು ಹತ್ತಿಸಿದೆ. ಧೂಳಿನ ಹೊಲದ ದಾರಿಯಲ್ಲಿ ಅಸೂಟಿಗೆ ಹೋಗಿ ಬಂದೆ. ಡ್ರೈವರ್ ಮೂರು ತಿಂಗಳಲ್ಲಿ ಓಡಿಸುತ್ತಿದ್ದುದಕ್ಕಿಂತ ನಾನು ಆ ಒಂದು ತಿಂಗಳಲ್ಲಿ ಓಡಿಸಿದ್ದೇ ಹೆಚ್ಚಿರಬೇಕು. ಬೆಲ್ಟ್ ಕೂಗಲಿಲ್ಲ. ಏಣುಗಳು ಅಂಗಡಿಯಿಂದ ತಂದಾಗ ಇದ್ದ ಹಾಗೆಯೇ ಮಂಕಾಗಿ, ಒಣಗಿ, ತುಂಬಿಕೊಂಡಿದ್ದವು. ಗೀರಿನಲ್ಲಿ ಹಂಟು ಇರಲಿಲ್ಲ.

ಓಡಿಸಿದರೆ ಬೆಲ್ಟ್ ಸವೆಯುವುದಿಲ್ಲ ಎಂಬುದಕ್ಕೆ ಇದು ಪುರಾವೆ ಎಂದು ತಿಳಿದು ಗಿರಣಿಗೆ ಹೋಗಿ ಹೇಳಿದೆ. ಸಾವುಕಾರರು ಕೇಳಿ ತಲೆಯಾಡಿಸಿದರು.

"ನಾ ಅನ್ನೂದೂ ಅದನ. ಅಂವ ಇಲ್ಲ, ಬೆಲ್ಟ್ ಚಲೋ ಐತಿ."

ಈ ಮಾತು ಪೇಟೆಯಲ್ಲೂ ಹಬ್ಬಿತು. ಡ್ರೈವರ್ ಹೋದ, ಬೆಲ್ಟ್ ಹರಿಯುವುದು ನಿಂತಿತು. ಕೇಳಿದವರಿಗೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿರಲಿಲ್ಲ. ಸ್ಟ್ಯಾಂಡಿನಲ್ಲಿ ಅವನಿಗೆ ಬದಲಿ ಕೆಲಸಕ್ಕೂ ಯಾರೂ ಕರೆಯುತ್ತಿಲ್ಲ ಎಂದು ಆ ವಾರವೇ ತಿಳಿಯಿತು.

ಗ್ಯಾರೇಜಿಗೆ ಮರಳಿ ಬಂದು ಬಾನೆಟ್ ತೆಗೆದು ನಿಂತೆ. ಆ ತಿಂಗಳಲ್ಲಿ ಕಾರಿಗೆ ಆಗದೇ ಇದ್ದದ್ದು ಏನು ಎಂದು ಕೇಳಿಕೊಂಡೆ. ರಸ್ತೆ ಅದೇ, ಧೂಳು ಅದೇ, ಬಿಸಿಲು ಅದೇ. ಡ್ರೈವರ್ ಇರಲಿಲ್ಲ, ಅದು ಒಂದು. ಅಮಾವಾಸ್ಯೆಯ ರಜೆ ಬಂದಿರಲಿಲ್ಲ, ಅದು ಇನ್ನೊಂದು. ಅವನು ನಗುತ್ತಾ ಹೇಳಿದ ಮಾತು ಆಗ ನೆನಪಾಯಿತು. ವಿಶ್ರಾಂತಿ ಕೊಟ್ಟರೆ ಕೂಗು ನಿಲ್ಲುವ ಬೆಲ್ಟ್ ಇಲ್ಲ. ಬೆಲ್ಟಿನ ಮೇಲೆ ಏನಾದರೂ ಬಿದ್ದರೆ ನಿಲ್ಲುತ್ತದೆ. ಕಾರು ಒಪ್ಪಿಸಿ ಬರುವುದಲ್ಲ, ಪೂಜೆ ಮುಗಿಯುವ ತನಕ ಅಲ್ಲೇ ಇರುವುದು ಎಂದು ತೀರ್ಮಾನಿಸಿದೆ.

ದೀಪಾವಳಿ ಅಮಾವಾಸ್ಯೆಯ ಮುಂಜಾನೆ ಕಾರನ್ನು ಗಿರಣಿಯ ಅಂಗಳದಲ್ಲಿ ನಿಲ್ಲಿಸಿದೆ. ಗಿರಣಿ ತೊಳೆದು ರಂಗೋಲಿ ಹಾಕಿದ್ದರು. ಯಂತ್ರಗಳಿಗೆ ಕಬ್ಬು, ಚೆಂಡುಹೂವು ಕಟ್ಟಿದ್ದರು. ಸಾವುಕಾರರು ಮಡಿ ಉಟ್ಟಿದ್ದರು. ಅವರ ಹೆಂಡತಿ ಆರತಿಯ ತಟ್ಟೆ ಹಿಡಿದಿದ್ದರು. ಮೊದಲು ಗಿರಣಿಯ ಕಲ್ಲಿಗೆ, ಮೋಟರಿಗೆ ವಿಭೂತಿ, ಕುಂಕುಮ ಹಚ್ಚಿದರು. ಆಮೇಲೆ ಸಾವುಕಾರರು ಮೋಟರ್ ಚಾಲೂ ಮಾಡಿಸಿ, ಒಂದು ಹಳೆಯ ಹಿತ್ತಾಳೆ ಬಟ್ಟಲಿನಿಂದ ಜೇನಿನ ಬಣ್ಣದ ಒಂದು ಉಂಡೆ ತೆಗೆದು, ಓಡುತ್ತಿರುವ ಅಗಲವಾದ ಪಟ್ಟಾಕ್ಕೆ ಆನಿಸಿದರು.

ಅದು ರಾಳ. ಔಡಲೆಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಕುದಿಸಿ ಉಂಡೆ ಕಟ್ಟಿದ್ದು. ಗಿರಣಿಯ ಪಟ್ಟಾ, ಅಂದರೆ ಮೋಟರಿನಿಂದ ಕಲ್ಲನ್ನು ತಿರುಗಿಸುವ ಬೆಲ್ಟ್, ಕ್ಯಾನ್ವಾಸಿನದು, ಚಪ್ಪಟೆ. ಜಾರಬಾರದೆಂದು ಅದಕ್ಕೆ ರಾಳ ಹಚ್ಚುವುದು ಇಲ್ಲಿ ಹಿಂದಿನಿಂದ ಬಂದ ಪದ್ಧತಿ. ಅವರ ಗಿರಣಿಯಲ್ಲಿ ಅದು ಅಮಾವಾಸ್ಯೆಯ ಪೂಜೆಯೊಳಗೆ ಸೇರಿಹೋಗಿತ್ತು. ವಿಭೂತಿ, ಕುಂಕುಮ, ರಾಳ, ಆರತಿ, ಕಾಯಿ.

ಅಲ್ಲಿಂದ ನೇರ ಕಾರಿನ ಹತ್ತಿರ ಬಂದರು. ಜಗುಲಿಯ ಮೇಲಿನ ಕೀಲಿ ತರಿಸಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಎಂಜಿನ್ ಚಾಲೂ ಮಾಡಿದರು, ಬಾನೆಟ್ ಎತ್ತಿದರು, ಎಂಜಿನ್ನಿಗೆ ಮೂರು ಬೆರಳಿನ ವಿಭೂತಿ ಎಳೆದರು. ಎಡಗೈಯಲ್ಲಿ ಧೋತರದ ಚುಂಗು ಹಿಡಿದುಕೊಂಡು, ಬಲಗೈಯ ಉಂಡೆಯನ್ನು ಓಡುತ್ತಿರುವ ಬೆಲ್ಟಿನ ಒಳಮೈಗೆ ಆನಿಸಿ ಹಿಡಿದರು. ಸುಟ್ಟ ರಾಳದ ವಾಸನೆ ಬಂತು. ಹಂಟು ಒರೆಸಿದ ನನ್ನ ಚಿಂದಿಯಲ್ಲಿ ಚಿಮಣಿ ಎಣ್ಣೆಯ ಕೆಳಗೆ ಇದ್ದದ್ದು ಅದೇ ವಾಸನೆ.

ಕಾಯಿ ಒಡೆದು ಪೂಜೆ ಮುಗಿಸಿದರು. ಆಮೇಲೆ ಹತ್ತಿರ ಹೋಗಿ ಕೇಳಿದೆ.

"ಇದನ್ನ ಯಾವಾಗಿಂದ ಹಚ್ಚತೀರಿ ಸಾವುಕಾರ್ರ?"

"ಇದು ಕುಂಯ್ ಅನ್ನಾಕ ಹತ್ತಿದಾಗಿಂದ. ಪಟ್ಟಾ ಒದರಿದ್ರ ರಾಳ ಹಚ್ಚೂದು. ನಮ್ಮಪ್ಪ ಹಚ್ಚತಿದ್ದ, ನಾನೂ ಹಚ್ಚತೇನಿ. ಗಿರಣ್ಯಾಗ ಒಂದ ಪಟ್ಟಾ ಹರದಿಲ್ಲ."

"ಬಾನೆಟ್ ಯಾರೂ ಮುಟ್ಟೂದಿಲ್ಲ ಅಂದಿದ್ರಿ."

"ಇದು ಪೂಜಿ. ಇದೇನ ಮುಟ್ಟಿದಂಗೇನು?"

ಅವರು ಹಾಸ್ಯ ಮಾಡುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಅವರ ಕೈಗೇ ಕೊಟ್ಟೆ. ಏಣುಗಳ ನಡುವೆ ಬೆರಳು ಆಡಿಸಲು ಹೇಳಿದೆ. ಬೆರಳು ಅಂಟಿತು. ಅಂಗಳದ ಎರೆಮಣ್ಣು ಒಂದು ಚಿಟಿಕೆ ಉದುರಿಸಿದೆ. ಅದು ಉದುರಿ ಬೀಳದೆ ಅಲ್ಲೇ ಕೂತಿತು. ಔಡಲೆಣ್ಣೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ರಾಳ ಧೂಳನ್ನು ಹಿಡಿಯುತ್ತದೆ, ಧೂಳು ಗೀರಿನಲ್ಲಿ ಕಲ್ಲಾಗಿ ಏಣುಗಳನ್ನು ಕೀಳುತ್ತದೆ ಎಂದು ಹೇಳಿದೆ. ಅವರು ಯಂತ್ರಗಳ ನಡುವೆ ಬೆಳೆದವರು, ಎರಡನೆಯ ಸಲ ಹೇಳಬೇಕಾಗಲಿಲ್ಲ. ಬೆಲ್ಟನ್ನು ಬಹಳ ಹೊತ್ತು ನೋಡಿದರು. ಅವರ ಹೆಂಡತಿ ಆರತಿಯ ತಟ್ಟೆಯೊಂದಿಗೆ ಅಲ್ಲೇ ನಿಂತಿದ್ದರು.

"ಹಂಗಾದ್ರ ಆ ಹುಡುಗ…" ಎಂದು ಹೆಂಡತಿ ಶುರು ಮಾಡಿದರು.

"ನೀ ಒಳಗ ನಡಿ," ಅಂದರು ಸಾವುಕಾರರು.

ಆಕೆ ಒಳಗೆ ಹೋದ ಮೇಲೆ ನಾನು ಹೇಳಿದೆ, "ಅವನ್ನ ಕರಸ್ರಿ. ಸ್ಟ್ಯಾಂಡಿನ್ಯಾಗ ಒಂದ ಮಾತ ಹೇಳ್ರಿ, ಸಾಕು."

"ಹಬ್ಬದ ದಿನಾ ಇದನ್ನ ತಗೀಬ್ಯಾಡ."

"ನಾಳಿ ಬರ್ಲೇನ್ರಿ?"

"ಏನಂತ ಕರೀಲಿ? ಮಂದಿ ಮುಂದ ಕೀಲಿ ಕಸಗೊಂಡೀನಿ. ಈಗ ಮಂದಿ ಮುಂದ ಕೊಟ್ರ, ಇಷ್ಟ ದಿನಾ ಗಿರಣಿ ನಡಸ್ದಾಂವಗ ಪಟ್ಟಾ ಗೊತ್ತಿಲ್ಲಂತ ಊರ ನಗತೈತಿ. ಉಳ್ಳಾಗಡ್ಡಿ ಮ್ಯಾಲೆ ಕುಂತದ್ದ ಸಾಕಾಗೈತಿ ನನಗ." ಬೆಲ್ಟನ್ನು ಮರಳಿ ಕೊಟ್ಟರು. "ಹೋದಾಂವ ಹೋದ. ಇದು ನಮ್ಮಿಬ್ಬರಾಗ ಇರ್ಲಿ."

ಇರಲಿ ಎಂದು ನಾನು ಹೇಳಲಿಲ್ಲ. ಪುಲ್ಲಿಗಳನ್ನು ಮತ್ತೆ ತೊಳೆದು, ಇನ್ನೊಂದು ಬೆಲ್ಟ್ ಹಾಕಿ ಕಾರು ಕೊಟ್ಟೆ. ಪಾಡ್ಯ ಮುಗಿದ ಮರುದಿನ ಜಕ್ಕಲಿಗೆ ಹೋದೆ.

ಡ್ರೈವರ್ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ. ಚಹಾ ತರಿಸಿದ. ರಾಳದ ಸಂಗತಿಯನ್ನು ನಾನು ಕ್ರಮವಾಗಿ ಹೇಳಿದೆ. ಅವನು ಕೈ ನಿಲ್ಲಿಸಲಿಲ್ಲ.

"ಅಮಾಸಿ ಮರುದಿನಾ ಸಪ್ಪಳ ಇರ್ತಿರಲಿಲ್ಲ, ಅದಕ್ಕೇನ್ರಿ ಹಂಗಾರ," ಅಂದ.

"ಅದಕ್ಕ."

"ನಾ ದೇವರ ಆಶೀರ್ವಾದ ಅಂತ ತಿಳದಿದ್ದೆ." ಸ್ವಲ್ಪ ನಕ್ಕ. ಆಮೇಲೆ ಕೇಳಿದ, "ಇದನ್ನ ನನಗ್ಯಾಕ ಹೇಳಾಕ ಬಂದ್ರಿ ಮಿಸ್ತ್ರಿ? ನಾ ಬಾಡಿಗಿ ಹೊಡದಿಲ್ಲಂತ ನನಗ ಮೊದ್ಲ ಗೊತ್ತಿತ್ತಲ್ರಿ. ಗೊತ್ತಿಲ್ಲದವ್ರಿಗೆ ಹೇಳ್ರಿ."

ಸ್ಟ್ಯಾಂಡಿಗೆ ಹೋಗಿ ಹೇಳಿದೆ. ನಾಲ್ಕೈದು ಜನ ಚಹಾ ಕುಡಿಯುತ್ತಾ ಕೂತಿದ್ದರು. ರಾಳ, ಪಟ್ಟಾ, ಏಣು, ಧೂಳು ಎಲ್ಲವನ್ನೂ ಕೇಳಿದರು. ಒಬ್ಬರು ನಾನು ಒಯ್ದಿದ್ದ ಹರಿದ ಬೆಲ್ಟನ್ನು ಕೈಯಲ್ಲಿ ಹಿಡಿದು ನೋಡಿದರು.

"ಸಾವುಕಾರ್ರ ಬಾಯಿಂದ ಬಂದೈತೇನ್ರಿ ಈ ಮಾತು?"

"ಇಲ್ಲ. ನಾ ಕಣ್ಣಾರೆ ನೋಡೇನಿ."

"ಮತ್ತ ಅವ್ರ ಯಾಕ ಹೇಳವಲ್ರು?"

ಅಷ್ಟರಲ್ಲಿ ಇನ್ನೊಬ್ಬರು ಬೆಲ್ಟನ್ನು ನನ್ನ ಹೆಗಲಿಗೆ ಹಾಕಿದರು. "ಪೂಜಿ ಮಾಡಿದ್ರ ಬೆಲ್ಟ್ ಹರೀತೈತಿ ಅಂತೀರಲ್ರಿ ಮಿಸ್ತ್ರಿ. ಬಾಡಿಗ್ಯಾಗ ನಿಮ್ಮದೂ ಪಾಲು ಇತ್ತೇನು ಮತ್ತ?" ಅಂದರು. ಎಲ್ಲರೂ ನಕ್ಕರು. ಅವರಲ್ಲಿ ಯಾರಿಗೂ ಡ್ರೈವರ್ ಮೇಲೆ ದ್ವೇಷವಿರಲಿಲ್ಲ. ಬ್ಲೇಡ್ ಕೊಟ್ಟವರೂ ಅಲ್ಲಿದ್ದರು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಸಾವುಕಾರರ ಮನೆಗೆ ಬೇರೆ ಡ್ರೈವರ್ ಬಂದ. ಕಾರು ಕಳೆದ ತಿಂಗಳು ಎಣ್ಣೆ ಬದಲಿಸಲು ಗ್ಯಾರೇಜಿಗೆ ಬಂದಿತ್ತು. ಬೆಲ್ಟ್ ನಾನು ದೀಪಾವಳಿಗೆ ಹಾಕಿದ್ದೇ ಇದೆ. ಏಣುಗಳು ತುಂಬಿಕೊಂಡಿವೆ, ಗೀರು ಒಣಗಿದೆ. ವಿಭೂತಿಯನ್ನು ಈಗ ಬಾನೆಟ್ಟಿನ ಮೇಲೆ, ಹೊರಗಿನಿಂದ ಹಚ್ಚುತ್ತಾರೆ.

ಜಕ್ಕಲಿಯ ಡ್ರೈವರ್ ಅಸೂಟಿಯ ರೈತರೊಬ್ಬರ ಹತ್ತಿರ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆ. ದಿನದ ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರಿನ ಕೀಲಿಯನ್ನು ಮಾಲೀಕರ ಮನೆಯಲ್ಲಿ ಕೊಟ್ಟು ಹೋಗುತ್ತಾನೆ.